ತೂಬಿನ ಮೇಲಿನ ಕೆಂಪು ಬಾವುಟ

ಮಂಗಳವಾರ ಬೆಳಿಗ್ಗೆ ಮಠದ ಕಚೇರಿಯ ಕಂಪ್ಯೂಟರಿನಲ್ಲಿ ಒಂದು ಹಳದಿ ಚುಕ್ಕಿ ಕೆಂಪಾಯಿತು. ಪ್ರಾಣಹಾನಿ ಆಗಲಿಲ್ಲ. ಗುಮಾಸ್ತರು ಬಾಯಿಯವರೆಗೆ ತಂದ ಕಾಫಿಯನ್ನು ಕೆಳಗಿಟ್ಟರು. ಸುದ್ದಿ ಅಡುಗೆಮನೆ ತಲುಪುವ ಹೊತ್ತಿಗೆ ಚುಕ್ಕಿ ತಟ್ಟೆಯಷ್ಟು ದೊಡ್ಡದಾಗಿತ್ತು. ಮಧ್ಯಾಹ್ನದ ಪಂಕ್ತಿಯಲ್ಲಿ ಯಾರೂ ಎರಡನೆಯ ಸಲ ಸಾರು ಕೇಳಲಿಲ್ಲ.

ಮಠ ಒಂದು ವಿದ್ಯಾರ್ಥಿ ನಿಲಯ ಕಟ್ಟಿಸುತ್ತಿತ್ತು. ಶಾಲೆ ತೆರೆಯುವ ಹೊತ್ತಿಗೆ ಅದು ಮುಗಿಯಬೇಕಿತ್ತು. ಕೆಲಸದ ಮೇಲೆ ಕಣ್ಣಿಡಲು ಒಬ್ಬ ಭಕ್ತರು ಕಂಪ್ಯೂಟರಿಗೆ ಒಂದು ಸಾಫ್ಟ್‌ವೇರ್ ಹಾಕಿಸಿ ಕೊಟ್ಟಿದ್ದರು. ಅದರಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಸಾಲು, ಪ್ರತಿ ಸಾಲಿನ ಮುಂದೆ ಒಂದು ದುಂಡನೆಯ ಗುರುತು. ಬೂದು ಎಂದರೆ ಕೆಲಸ ಶುರುವಾಗಿಲ್ಲ. ಹಳದಿ ಎಂದರೆ ನಡೆಯುತ್ತಿದೆ. ಹಸಿರು ಎಂದರೆ ಮುಗಿದಿದೆ. ಕೆಂಪು ಎಂದರೆ ನಿಂತಿದೆ, ಯಾರಿಗಾಗಿಯೋ ಕಾಯುತ್ತಿದೆ. ಗುರುತನ್ನು ಒತ್ತಿದರೆ ಯಾರಿಗಾಗಿ ಕಾಯುತ್ತಿದೆ ಎಂದು ಹೆಸರು ತೋರಿಸುತ್ತದೆ. ಇಷ್ಟನ್ನೂ ಆ ಭಕ್ತರು ಮೊದಲ ದಿನವೇ ವಿವರಿಸಿದ್ದರು. ಎಲ್ಲರೂ ತಲೆಯಾಡಿಸಿದ್ದರು.

ಕಟ್ಟಡದ ಉಸ್ತುವಾರಿ ಕಿರಿಯ ಸ್ವಾಮಿಗಳಾದ ಮುದ್ದುವೀರಸ್ವಾಮಿಗಳದು. ಅವರು ಹಸಿರು ಹಳದಿ ತುಂಬಿದ ಆ ಪರದೆಯನ್ನು ಮಠಕ್ಕೆ ಬಂದವರಿಗೆಲ್ಲ ತೋರಿಸುತ್ತಿದ್ದರು. ಕೆಲವರು ಅದಕ್ಕೆ ಕೈಮುಗಿದದ್ದೂ ಉಂಟು. ಬರುವ ಭಾನುವಾರ ಕಟ್ಟಡ ಸಮಿತಿಯ ಸಭೆ ಇತ್ತು. ಅಂದು ಪರದೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬಿಡುವುದೆಂದು ತೀರ್ಮಾನವಾಗಿತ್ತು. ಅಂಥ ಸಮಯದಲ್ಲಿ ‘ನೀರಿನ ಕೊಳವೆ’ ಎಂಬ ಸಾಲಿನ ಮುಂದೆ ಕೆಂಪು. ಹಾಕಿದವನು ಮೇಸ್ತ್ರಿ ರಾಚಪ್ಪಾಜಿ, ಕಟ್ಟಡದ ಬಳಿಯಿಂದಲೇ, ತನ್ನ ಮೊಬೈಲಿನಿಂದ.

ಆ ಕೆಂಪನ್ನು ಎಲ್ಲರೂ ಬಂದು ನೋಡಿದರು. ಒತ್ತಿ ನೋಡುವ ಧೈರ್ಯ ಯಾರಿಗೂ ಬರಲಿಲ್ಲ.

ಮಾರನೆಯ ದಿನ ಮುದ್ದುವೀರಸ್ವಾಮಿಗಳು ಗುರುಗಳ ಬಳಿಗೆ ಹೋಗಿ ನಮಸ್ಕರಿಸಿ ಕೇಳಿದರು: “ಬುದ್ಧಿ, ಕೆಂಪು ಹಾಕಿದವನನ್ನು ಶಿಕ್ಷಿಸಬೇಕೇ, ಕ್ಷಮಿಸಬೇಕೇ?”

ಗುರುಗಳು ವಿಷಯವನ್ನು ಪೂರ್ತಿ ಕೇಳಿದರು. “ಆ ಗುರುತನ್ನು ನೀನು ಹಳದಿಗೆ ತಿರುಗಿಸಬಹುದೇ?”

“ತಿರುಗಿಸಬಹುದು ಬುದ್ಧಿ. ಭಾನುವಾರ ಕಳೆಯಲಿ, ಬೇಕಾದರೆ ಅವನು ಮತ್ತೆ ಕೆಂಪು ಮಾಡಿಕೊಳ್ಳಲಿ ಎಂದು ನನಗೂ ಅನ್ನಿಸಿದೆ.”

“ತಿರುಗಿಸಲು ಎಷ್ಟು ಹೊತ್ತು ಬೇಕು?”

“ಒಂದು ಕ್ಷಣ ಸಾಕು.”

“ಹಾಗಾದರೆ ಅವಸರವೇನೂ ಇಲ್ಲ. ಕೂತುಕೋ ಮರಿ” ಎಂದು ಗುರುಗಳು ಈ ಕತೆಯನ್ನು ಹೇಳಿದರು.

ಒಬ್ಬ ಪಾಳೆಯಗಾರನಿದ್ದ. ಅವನು ಎರಡು ಗುಡ್ಡಗಳ ನಡುವೆ ಏರಿ ಹಾಕಿಸಿ ಕೆರೆ ಕಟ್ಟಿಸಲು ಹೊರಟ. ಮಳೆಗಾಲಕ್ಕೆ ಮುಂಚೆ ಏರಿ ಮುಗಿಯಬೇಕಿತ್ತು. ಅರ್ಧ ಕಟ್ಟಿದ ಏರಿ ಏರಿಯೇ ಇಲ್ಲದ್ದಕ್ಕಿಂತ ಅಪಾಯ. ಅದು ನೀರನ್ನು ಒಟ್ಟು ಮಾಡಿಕೊಂಡು ಒಂದೇ ಸಲ ಬಿಡುತ್ತದೆ.

ಏರಿಯನ್ನು ತುಂಡುತುಂಡಾಗಿ ಹಂಚಿ ಒಂದೊಂದು ಊರಿನ ಆಳುಗಳಿಗೆ ಒಂದೊಂದು ತುಂಡು ಒಪ್ಪಿಸಿದರು. ನಡುವಿನ ತುಂಡು ತೂಬಿನದು. ಕೆರೆಯ ನೀರನ್ನು ಗದ್ದೆಗೆ ಬಿಡುವ ಕಲ್ಲಿನ ಕಂಡಿ ಅದು. ಆ ತುಂಡು ಕೆಳಗಿನ ಊರಿನವರ ಪಾಲಿಗೆ ಬಂತು. ಅವರಿಗೆ ಒಬ್ಬ ಹೆಂಗಸು ಮುಖ್ಯಸ್ಥೆ. ಮೊದಲು ಅವಳ ಗಂಡ ಮುಖ್ಯಸ್ಥನಾಗಿದ್ದ. ಕಲ್ಲು ಬಿದ್ದು ಅವನ ಕಾಲು ಮುರಿದ ಮೇಲೆ ಅವಳು ಬಂದಳು. ಅವಳ ಬಾಯಿ ಜೋರು. ಗಂಡ ಬೇಗ ಗುಣವಾಗಲಿ ಎಂದು ಆಳುಗಳೆಲ್ಲ ಹರಸಿಕೊಂಡಿದ್ದರು.

ಏರಿ ಒಡೆದರೆ ಮೊದಲು ಮುಳುಗುವುದು ಅವಳ ಊರು.

ಪಾಳೆಯಗಾರನಿಗೆ ಮಂಡಿನೋವು. ದಿನವೂ ಏರಿಯವರೆಗೆ ಹೋಗುವುದು ಅವನಿಂದ ಆಗುತ್ತಿರಲಿಲ್ಲ. ಅರಮನೆಯ ಉಪ್ಪರಿಗೆಯಲ್ಲಿ ಕುಳಿತೇ ಕೆಲಸ ಎಲ್ಲಿಗೆ ಬಂತೆಂದು ತಿಳಿಯಬೇಕೆಂದ. ಅವನ ಪಾರುಪತ್ಯಗಾರ ಒಂದು ಉಪಾಯ ಮಾಡಿದ. ಒಂದೊಂದು ತುಂಡಿನ ಮೇಲೂ ಒಂದೊಂದು ಕಂಬ ನೆಡಿಸಿದ. ಆಳುಗಳನ್ನು ಕೂರಿಸಿ ಹೇಳಿದ: ಬಿಳಿ ಬಾವುಟ ಎಂದರೆ ಕೆಲಸ ನಡೆಯುತ್ತಿದೆ. ಹಸಿರು ಎಂದರೆ ಮುಗಿದಿದೆ. ಕೆಂಪು ಎಂದರೆ ಕೆಲಸ ನಿಂತಿದೆ, ಯಾರಾದರೂ ಬನ್ನಿ ಎಂದು.

ಒಳ್ಳೆಯ ಉಪಾಯ. ಸ್ವಲ್ಪ ಕಾಲ ಅದು ಚೆನ್ನಾಗಿಯೇ ನಡೆಯಿತು. ಅಷ್ಟು ಕಾಲ ಯಾರಿಗೂ ತೊಂದರೆ ಬಂದಿರಲಿಲ್ಲ.

ಒಂದು ದಿನ ಗುಡ್ಡದ ಬದಿಯ ತುಂಡಿನಲ್ಲಿ ಅಡಿಪಾಯ ಅಗೆಯುವಾಗ ಬಂಡೆ ಸಿಕ್ಕಿತು. ಅಲ್ಲಿಯವರು ಕೆಂಪು ಹಾರಿಸಿದರು. ಪಾಳೆಯಗಾರ ಅಂಬಲಿ ಕುಡಿಯುತ್ತಿದ್ದವನು ಅದನ್ನು ಕಂಡು ಬಟ್ಟಲನ್ನು ಕೆಳಗಿಟ್ಟ. ಪಾರುಪತ್ಯಗಾರ ಕುದುರೆಯೇರಿ ಓಡಿದ. ಅಲ್ಲಿ ಇಳಿದು, ಏನು ಬೇಕು ಎಂದು ಕೇಳಲಿಲ್ಲ. “ಯಾಕೆ ಹಾರಿಸಿದಿರಿ? ದೊರೆ ಅಂಬಲಿ ಬಿಟ್ಟರು” ಎಂದ. ಆಳುಗಳು ಬಂಡೆಯನ್ನು ತೋರಿಸಿದರು. ಅವನು ಬಾವುಟವನ್ನು ತೋರಿಸಿದ. ಅವರು ಬಾವುಟ ಇಳಿಸಿದರು. ಬಂಡೆ ಇದ್ದಲ್ಲೇ ಇತ್ತು. ಮೇಲೆ ಮಣ್ಣು ಎಳೆದು ಮುಂದೆ ಹೋದರು.

ಇನ್ನೊಂದು ದಿನ ಮೊದಲ ಹಸಿರು ಹಾರಿತು. ಪಾಳೆಯಗಾರನಿಗೆ ಬಹಳ ಸಂತೋಷವಾಯಿತು. ಹಸಿರು ಬಾವುಟದ ಕೆಳಗಿನವರಿಗೆ ಒಬ್ಬಟ್ಟು ಹಾಕಿ ಎಂದು ಅಪ್ಪಣೆ ಮಾಡಿದ. ಅಂದಿನಿಂದ ಅಡುಗೆಯವನು ಬಡಿಸುವ ಮುಂಚೆ ತಲೆಯೆತ್ತಿ ಕಂಬ ನೋಡುತ್ತಿದ್ದ. ಹಸಿರಿದ್ದರೆ ಒಬ್ಬಟ್ಟು. ಉಳಿದವರಿಗೆ ಅಂಬಲಿ.

ಆಮೇಲೆ ಏರಿಯ ಕೆಲಸ ನಂಬಲಾರದಷ್ಟು ಬೇಗ ಬೇಗ ಮುಗಿಯತೊಡಗಿತು.

ಬಾವುಟದ ಬಟ್ಟೆ ತರುತ್ತಿದ್ದವನು ಒಬ್ಬ ವ್ಯಾಪಾರಿ. ಅವನ ಅಂಗಡಿಯಲ್ಲಿ ಹಸಿರು ಬಟ್ಟೆ ತೀರಿತು. ಮತ್ತೆ ತರಿಸಿದ, ಮತ್ತೆ ತೀರಿತು. ಕೆಂಪು ಬಟ್ಟೆಯ ಗಂಟನ್ನು ಬಿಚ್ಚುವವರೇ ಇರಲಿಲ್ಲ. ಅವನು ಪಾಳೆಯಗಾರನ ಬಳಿಗೆ ಬಂದು, “ದೊರೆ, ಈ ಊರಿನಲ್ಲಿ ಕೆಂಪು ಖರ್ಚಾಗುವುದಿಲ್ಲ. ಬೇರೆ ಸೀಮೆಗೆ ಒಯ್ದು ಮಾರಿಕೊಳ್ಳಲು ಅಪ್ಪಣೆಯಾಗಬೇಕು” ಎಂದ. ಇಂಥ ಹೊಗಳಿಕೆಯನ್ನು ಪಾಳೆಯಗಾರ ಹಿಂದೆ ಕೇಳಿರಲಿಲ್ಲ. ಅಪ್ಪಣೆ ಕೊಟ್ಟ. ತೂಬಿನ ಪೂಜೆಗೆ ದಿನ ಗೊತ್ತುಮಾಡಿ, ಬಂಧುಗಳಿಗೆ ಹೇಳಿಕಳುಹಿಸಿ, ವಾಲಗದವರನ್ನು ಕರೆಸಿದ. ವ್ಯಾಪಾರಿ ಕೆಂಪು ಗಂಟನ್ನು ಗಾಡಿಗೆ ಹಾಕಿಕೊಂಡು ಹೊರಟುಹೋದ.

ತೂಬಿನ ತುಂಡೊಂದೇ ಇನ್ನೂ ಬಿಳಿಯಾಗಿತ್ತು.

ತೂಬಿನ ಕಲ್ಲು ಕೂರಿಸಿ ಆಗಿತ್ತು. ಆದರೆ ಕಲ್ಲಿನ ಸುತ್ತ ಬರಿಯ ಮಣ್ಣು ಸುರಿದರೆ ಸಾಲದು. ಅಂಟುವ ಜೇಡಿಮಣ್ಣನ್ನು ಹಾಕಿ, ಎಮ್ಮೆಗಳನ್ನು ಬಿಟ್ಟು ತುಳಿಸಬೇಕು. ಇಲ್ಲದಿದ್ದರೆ ನೀರು ಕಲ್ಲಿನ ಮಗ್ಗುಲಲ್ಲೇ ದಾರಿ ಮಾಡಿಕೊಳ್ಳುತ್ತದೆ. ಮೊದಲು ಬೆರಳಿನಷ್ಟು, ಆಮೇಲೆ ಬಾಗಿಲಿನಷ್ಟು. ಏರಿ ಕಟ್ಟುವವರಿಗೆಲ್ಲ ಇದು ಗೊತ್ತು. ಪಾರುಪತ್ಯಗಾರನಿಗೂ ಗೊತ್ತಿತ್ತು. ಜೇಡಿಯ ಗುಂಡಿ ಇದ್ದದ್ದು ಅರಮನೆಯ ಹಿಂದೆ. ಎಮ್ಮೆಗಳಿದ್ದದ್ದು ಅರಮನೆಯ ಕೊಟ್ಟಿಗೆಯಲ್ಲಿ. ಎರಡಕ್ಕೂ ಅವನ ಅಪ್ಪಣೆ ಬೇಕಿತ್ತು.

ಹೆಂಗಸು ಅರಮನೆಗೆ ಹೋಗಿ ಅವನ ಎದುರು ನಿಂತು, ಕೆಲಸ ನಿಂತಿದೆ ಎಂದಳು. ಅವನು ಅವಳ ತಲೆಯ ಮೇಲಿಂದ ಕಿಟಕಿಯ ಹೊರಗೆ ನೋಡಿದ.

“ನಿಂತಿಲ್ಲವಲ್ಲ. ಬಿಳಿ ಹಾರುತ್ತಿದೆ.”

“ನಾನು ಇಲ್ಲಿ ನಿಂತಿದ್ದೇನೆ ಸ್ವಾಮಿ. ನಾನು ಇಲ್ಲಿದ್ದರೆ ಅಲ್ಲಿ ಕೆಲಸ ಹೇಗೆ ನಡೆದೀತು?”

“ನಿಂತಿದ್ದರೆ ಕೆಂಪು ಹಾರಿಸಬೇಕಿತ್ತು. ಅದಲ್ಲವೇ ಕಟ್ಟಳೆ?”

“ಹಾಗಾದರೆ ಹಾರಿಸಲೇ?”

“ಹಾರಿಸಬೇಡ” ಎಂದ ಪಾರುಪತ್ಯಗಾರ.

ಅವಳು ಏರಿಗೆ ಮರಳಿದಾಗ ಊಟದ ಹೊತ್ತು. ಎಡಕ್ಕೂ ಬಲಕ್ಕೂ ಎಲೆಗಳ ಮೇಲೆ ಒಬ್ಬಟ್ಟು ಬೀಳುತ್ತಿತ್ತು. ಅವಳ ಗುಂಪಿನ ಒಬ್ಬ ಮುದುಕ ಎಲೆಯ ಮುಂದೆ ಕೂತು ಮುಖ ತಿರುಗಿಸಿಕೊಂಡಿದ್ದ.

“ಅಕ್ಕಾ, ನೀನು ಒಂದು ಬಟ್ಟೆ ಚೂರು ಬದಲಾಯಿಸಲಾರೆ. ಅದಕ್ಕೆ ನಾವು ಅಂಬಲಿ ಕುಡಿಯಬೇಕು. ಅವರ ಒಬ್ಬಟ್ಟಿನ ತುಪ್ಪದ ವಾಸನೆಗೇ ನನ್ನ ಹೊಟ್ಟೆ ಕೂಗುತ್ತಿದೆ.”

“ಅವರ ಕೆಲಸ ಮುಗಿದಿದೆಯೇನು ಮಾವ? ಕಣ್ಣಲ್ಲಿ ನೋಡಿದೆಯಾ?”

“ಮುಗಿದಿಲ್ಲ. ಆದರೂ ಒಬ್ಬಟ್ಟು ಬಂತಲ್ಲ! ಇವತ್ತು ಹಸಿರು ಹಾರಿಸು, ಉಂಡ ಮೇಲೆ ಬಿಳಿ ಹಾಕಿದರಾಯಿತು.”

“ಹಾರಿಸುತ್ತೇನೆ, ಉಣ್ಣು. ಮಳೆ ಬಂದ ದಿನ ನೀರು ನಮ್ಮೂರಿಗೆ ಇಳಿದು, ಒಬ್ಬಟ್ಟು ಉಂಡವರ ಮನೆ ಯಾವುದು ಎಂದು ಕೇಳಿಕೊಂಡು ಬರುತ್ತದೆ. ಬಾಗಿಲು ತೆಗೆಯಲು ನೀನೇ ಹೋಗು.”

ಮುದುಕ ಅಂಬಲಿಯ ಕಡೆಗೆ ತಿರುಗಿದ.

ಪೂಜೆಯ ದಿನ ಹತ್ತಿರ ಬಂತು. ಪಡುವಣದಲ್ಲಿ ಮೋಡವೂ ಕಂಡಿತು. ಹೆಂಗಸು ಕೆಂಪು ಬಟ್ಟೆ ತರಲು ಅಂಗಡಿಗೆ ಹೋದಳು. ಅಂಗಡಿಗೆ ಬೀಗ. ಊರೆಲ್ಲ ಹುಡುಕಿದರೂ ಒಂದು ಗೇಣು ಕೆಂಪು ಬಟ್ಟೆ ಸಿಗಲಿಲ್ಲ. ಅವಳು ಏರಿಗೆ ಬಂದು ಬಿಳಿ ಬಾವುಟವನ್ನೇ ಬಿಚ್ಚಿದಳು. ಕೆಮ್ಮಣ್ಣು ಕಲಸಿದ ನೀರಿನಲ್ಲಿ ಅದನ್ನು ಅದ್ದಿದಳು, ಹಿಂಡಿದಳು, ಮತ್ತೆ ಅದ್ದಿದಳು. ಬಣ್ಣ ಒಂದೇ ಸಮನಾಗಿ ಹಿಡಿಯಲಿಲ್ಲ. ದೂರಕ್ಕೆ ಸಾಕಿತ್ತು.

ಪೂಜೆಯ ಬೆಳಿಗ್ಗೆ ಪಾಳೆಯಗಾರ ಬಂಧುಗಳನ್ನು ಉಪ್ಪರಿಗೆಗೆ ಕರೆತಂದ. ವಾಲಗ ಊದಿದರು. ಏರಿಯ ಈ ತುದಿಯಿಂದ ಆ ತುದಿಯವರೆಗೆ ಹಸಿರು, ನಡುವೆ ಒಂದು ಕೆಂಪು. ಅವನ ಭಾವಮೈದುನ, “ಚೆನ್ನಾಗಿದೆ ಭಾವ, ಏರಿಗೆ ಕುಂಕುಮ ಇಡಿಸಿದ್ದೀರಿ” ಎಂದ.

ಪಾಳೆಯಗಾರ ಮಂಡಿನೋವನ್ನು ಮರೆತು ಎದ್ದ. ಮೇನೆ ತರಿಸಿದ. ಮೇನೆ ಹೊತ್ತ ಬೋವಿಗಳು ಓಡಿದರು. ಪಾರುಪತ್ಯಗಾರ ಮೇನೆಯ ಹಿಂದೆ ಓಡಿದ. ಏನಾಗುತ್ತಿದೆ ಎಂದು ತಿಳಿಯದ ವಾಲಗದವರೂ ಊದುತ್ತಲೇ ಹಿಂದೆ ಓಡಿದರು.

ತೂಬಿನ ಬಳಿ ಮೇನೆ ಇಳಿಯಿತು. ಪಾಳೆಯಗಾರ ಬಾವುಟಕ್ಕೆ ಬೆರಳು ತೋರಿಸಿದ.

“ಇದನ್ನು ಹಾರಿಸಿದವರು ಯಾರು?”

“ನಾನೇ ದೊರೆ” ಎಂದಳು ಹೆಂಗಸು.

“ಇದರ ಅರ್ಥ ಗೊತ್ತೇ ನಿನಗೆ?”

“ಗೊತ್ತು. ಯಾರಾದರೂ ಬನ್ನಿ ಎಂದು ಅರ್ಥ. ಯಾರನ್ನಾದರೂ ಕರೆದೆ, ತಾವೇ ಬಂದಿರಿ. ಇನ್ನು ಇದಕ್ಕೆ ಕೆಲಸವಿಲ್ಲ.”

ಹಾಗೆಂದು ಅವಳು ಬಾವುಟ ಇಳಿಸಿದಳು. ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು.

ಪಾಳೆಯಗಾರ ಅಷ್ಟು ದೂರದಿಂದ ಸಿಟ್ಟು ಹೊತ್ತು ತಂದಿದ್ದ. ಅದನ್ನು ಇಳಿಸಲು ಈಗ ಜಾಗವಿರಲಿಲ್ಲ. ಕಂಬ ಬರಿದಾಗಿತ್ತು. ಅದರ ಕೆಳಗೆ ತೂಬಿನ ಕಲ್ಲು ಬರಿದಾಗಿ ನಿಂತಿತ್ತು. ಮೊದಲ ಸಲ ಅವನು ಬಾವುಟ ಬಿಟ್ಟು ಅದರ ಕೆಳಗಿನದನ್ನು ನೋಡಿದ.

“ಏನು ಬೇಕು?” ಎಂದ.

“ಜೇಡಿಮಣ್ಣು. ತುಳಿಯಲು ಎಮ್ಮೆ.”

ಅವನು ಪಾರುಪತ್ಯಗಾರನ ಕಡೆ ತಿರುಗಿದ. “ನಮ್ಮ ಎಮ್ಮೆಗಳು ಎಲ್ಲಿವೆ?”

“ಕೊಟ್ಟಿಗೆಯಲ್ಲಿವೆ ದೊರೆ.”

“ಏನು ಮಾಡುತ್ತಿವೆ?”

ಪಾರುಪತ್ಯಗಾರ ಸ್ವಲ್ಪ ಯೋಚಿಸಿದ. “ಮೆಲುಕು ಹಾಕುತ್ತಿವೆ” ಎಂದ.

ಮಧ್ಯಾಹ್ನದ ಹೊತ್ತಿಗೆ ಎಮ್ಮೆಗಳು ಏರಿಗೆ ಬಂದವು. ಪೂಜೆಗೆ ಬಂದ ಬಂಧುಗಳ ಗಾಡಿಗಳಲ್ಲೇ ಜೇಡಿಮಣ್ಣು ಬಂತು. ಭಾವಮೈದುನ ಮನೆಗೆ ಹೋಗಲು ಗಾಡಿಯಿಲ್ಲದೆ ಅಲ್ಲೇ ಉಳಿದ. ಅವನಿಗೂ ಒಂದು ಬುಟ್ಟಿ ಕೊಟ್ಟರು.

ಹೇಗೂ ಬಂದದ್ದಾಯಿತೆಂದು ಪಾಳೆಯಗಾರ ಕೋಲೂರಿಕೊಂಡು ಏರಿಯ ಉದ್ದಕ್ಕೂ ನಡೆದ. ಹಸಿರು ಬಾವುಟವೊಂದರ ಕೆಳಗೆ ಬಂಡೆ ಇಣುಕುತ್ತಿತ್ತು. ಇನ್ನೊಂದರ ಕೆಳಗೆ ಎರಡು ಊರಿನವರ ತುಂಡುಗಳು ಒಂದಕ್ಕೊಂದು ಸೇರಿರಲಿಲ್ಲ. ನಡುವೆ ಒಂದು ಕರು ಮಲಗಿತ್ತು. ಅವನು ಅಲ್ಲಿಯ ಮುಖ್ಯಸ್ಥನನ್ನು ಕೇಳಿದ: “ಇದು ಮುಗಿದಿದೆಯೇ?”

“ಬಾವುಟದ ಮಟ್ಟಿಗೆ ಮುಗಿದಿದೆ ದೊರೆ” ಎಂದ ಅವನು.

ಪಾಳೆಯಗಾರನಿಗೆ ಎಲ್ಲ ಅರ್ಥವಾಯಿತು. ಅರ್ಥವಾದವರು ಮಾಡುವಂತೆ ಅವನೂ ಕೂಡಲೇ ಒಂದು ಹೊಸ ಅಪ್ಪಣೆ ಮಾಡಿದ. ನಾಳೆಯಿಂದ ಹಸಿರಿನವರಿಗೆ ಅಂಬಲಿ, ಕೆಂಪಿನವರಿಗೆ ಒಬ್ಬಟ್ಟು.

ಬೇರೆ ಸೀಮೆಗೆ ಹೊರಟಿದ್ದ ವ್ಯಾಪಾರಿಗೆ ದಾರಿಯಲ್ಲೇ ಸುದ್ದಿ ಮುಟ್ಟಿತು. ಅವನು ಗಾಡಿ ತಿರುಗಿಸಿದ. ಬೆಳಗಾಗುವ ಹೊತ್ತಿಗೆ ಏರಿಯೆಲ್ಲ ಕೆಂಪು. ನಿಜವಾಗಿ ಮುಗಿದಿದ್ದ ತುಂಡುಗಳ ಮೇಲೂ ಕೆಂಪು. ಅರಮನೆಯ ಬಾಗಿಲು ಕಾಯುವವನೂ ತನ್ನ ಈಟಿಗೆ ಒಂದು ಚೂರು ಕಟ್ಟಿದ್ದ. ಪಾರುಪತ್ಯಗಾರ ಯಾವ ಕಡೆ ಓಡಬೇಕೆಂದು ತಿಳಿಯದೆ ಕುದುರೆಯ ಮೇಲೆ ಕುಳಿತೇ ಇದ್ದ.

ಅಂದು ತೂಬಿನ ಮೇಲೆ ಕೆಮ್ಮಣ್ಣು ತೊಳೆದ ಬಿಳಿ ಹಾರುತ್ತಿತ್ತು. ಅಲ್ಲಿ ಕೆಲಸ ನಡೆಯುತ್ತಿತ್ತು.

ಪಾಳೆಯಗಾರ ಮತ್ತೆ ಮೇನೆಯಲ್ಲಿ ಬಂದ. ಹೆಂಗಸು ಮೊಣಕಾಲುದ್ದ ಜೇಡಿಯಲ್ಲಿ ಎಮ್ಮೆಗಳ ಹಿಂದೆ ನಡೆಯುತ್ತಿದ್ದಳು.

“ಕೆಂಪಿಗೂ ಬೆಲೆ ಕೊಟ್ಟೆನಲ್ಲ, ಈಗ ಇದೇನು?” ಎಂದ.

“ಒಬ್ಬಟ್ಟನ್ನು ಬಾವುಟದಿಂದ ಬಿಡಿಸಿ ದೊರೆ” ಎಂದಳು ಅವಳು, ನಿಲ್ಲದೆ. “ಅದನ್ನು ಕಟ್ಟಿರುವವರೆಗೆ ಬಾವುಟ ನಿಮಗೆ ಏರಿಯ ಸುದ್ದಿ ಹೇಳುವುದಿಲ್ಲ. ಒಬ್ಬಟ್ಟಿನ ಸುದ್ದಿ ಹೇಳುತ್ತದೆ.”

ಅಡುಗೆಯವನನ್ನು ಕರೆದು, ಇನ್ನು ಮೇಲೆ ಎಲೆ ನೋಡಿ ಬಡಿಸು, ಕಂಬ ನೋಡಬೇಡ ಎಂದರು. ಎಲ್ಲರಿಗೂ ಒಂದೇ ಊಟ. ಕೆರೆ ತುಂಬಿದ ದಿನ ಎಲ್ಲರಿಗೂ ಒಬ್ಬಟ್ಟು. ಪಾರುಪತ್ಯಗಾರನಿಗೂ ಒಂದು ಅಪ್ಪಣೆಯಾಯಿತು. ಕೆಂಪು ಕಂಡಲ್ಲಿಗೆ ಹೋದಾಗ ಅವನು ಆಡುವ ಮೊದಲ ಮಾತು ‘ಏನು ಬೇಕು’ ಎಂದೇ ಆಗಿರಬೇಕು. ಆ ಮಾತು ಅವನ ಬಾಯಿಗೆ ಬರಲು ಸ್ವಲ್ಪ ಕಾಲ ಹಿಡಿಯಿತು. ಮೊದಮೊದಲು ಅದನ್ನೂ ಗದರಿಸಿಯೇ ಕೇಳುತ್ತಿದ್ದ. ಆದರೂ ಜನ ಬೇಕಾದ್ದನ್ನು ಹೇಳಿದರು.

ಬಂಡೆಗೆ ಸುತ್ತಿಗೆಯವರು ಬಂದರು. ಸೇರದ ತುಂಡುಗಳು ಸೇರಿದವು. ಕರು ಬೇರೆ ಜಾಗ ನೋಡಿಕೊಂಡಿತು. ಏರಿಯ ಮೇಲೆ ದಿನವೂ ಒಂದೆರಡು ಕಡೆ ಕೆಂಪು ಹಾರುತ್ತಿತ್ತು, ಸಂಜೆಗೆ ಇಳಿಯುತ್ತಿತ್ತು. ಪಾಳೆಯಗಾರನಿಗೆ ಅದು ಎಷ್ಟು ಅಭ್ಯಾಸವಾಯಿತೆಂದರೆ, ಕೆಂಪು ಕಾಣದ ಬೆಳಿಗ್ಗೆ ಅವನೇ ಅಂಬಲಿ ಬಿಟ್ಟು ಏರಿಗೆ ಹೋಗಿ, ಎಲ್ಲ ನಿಜವೇ ಎಂದು ವಿಚಾರಿಸಿ ಬರುತ್ತಿದ್ದ. ನಡೆದು ನಡೆದು ಅವನ ಮಂಡಿನೋವು ಕಡಿಮೆಯಾಯಿತು. ಇದನ್ನು ಅರಮನೆಯ ವೈದ್ಯ ತನ್ನ ಎಣ್ಣೆಯ ಗುಣ ಎಂದುಕೊಂಡ.

ತೂಬಿನ ಸುತ್ತ ಎಮ್ಮೆಗಳು ತುಳಿದವು, ಆಳುಗಳು ತುಳಿದರು, ಮುದುಕನೂ ತುಳಿದ. ಮಣ್ಣು ಏರಿಸಿದರು. ಕೊನೆಯ ಬುಟ್ಟಿ ಸುರಿದಾಯಿತು. ಉಳಿದ ಎಲ್ಲ ಕಂಬಗಳ ಮೇಲೆ ಹಸಿರು ಹಾರಿತು. ಹೆಂಗಸು ಬಿಳಿಯನ್ನು ಇಳಿಸಲಿಲ್ಲ.

“ಇನ್ನೇನು ಬಾಕಿ ಅಕ್ಕಾ?” ಎಂದ ಮುದುಕ.

“ನೀರು ಬಾಕಿ ಮಾವ. ಅದು ಬಂದು ನೋಡಲಿ.”

ಅದು ಬಂದಿತು. ಮಧ್ಯಾಹ್ನ ಶುರುವಾದ ಮಳೆ ಮರುದಿನವೂ ಬಿಡಲಿಲ್ಲ. ಎರಡೂ ಗುಡ್ಡಗಳ ನೀರು ಕೆಂಪಾಗಿ ಇಳಿದು ಬಂತು. ಕೆರೆ ಏರಿತು. ಪಾರುಪತ್ಯಗಾರ ಕೆಳಗಿನ ಊರಿಗೆ ಹೋಗಿ, “ಎಲ್ಲರೂ ಗುಡ್ಡ ಹತ್ತಿರಿ, ಏರಿ ತಡೆಯುತ್ತದೋ ಇಲ್ಲವೋ” ಎಂದು ಕೂಗಿದ. ಊರಿನವರು ಗುಡ್ಡ ಹತ್ತಲಿಲ್ಲ. ಏರಿಯ ಹಿಂಬದಿಗೆ, ತೂಬಿನ ಕೆಳಗೆ ಬಂದು ನಿಂತರು. ಅಲ್ಲಿ ಆ ಹೆಂಗಸು ನೆಲದ ಮೇಲೆ ಕುಳಿತು ನೀರು ಒಸರುತ್ತದೆಯೇ ಎಂದು ತೂಬಿನ ಮಗ್ಗುಲಿನ ಮಣ್ಣಿನ ಮೇಲೆ ಕೈ ಇಟ್ಟುಕೊಂಡಿದ್ದಳು. ಅವಳ ಗಂಡನನ್ನೂ ಕಂಬಳಿ ಹೊದಿಸಿ ಹೊತ್ತು ತಂದು ಪಕ್ಕದಲ್ಲಿ ಕೂರಿಸಿದರು. ಅವನೂ ಕೈ ಇಟ್ಟ.

ನೀರು ಏರಿಯ ಎದೆಯವರೆಗೆ ಬಂತು. ತೂಬಿನ ಮೇಲಕ್ಕೆ ಬಂತು. ಕಲ್ಲಿನ ಎಡಕ್ಕೆ ಹುಡುಕಿತು, ಬಲಕ್ಕೆ ಹುಡುಕಿತು. ದಾರಿ ಸಿಗಲಿಲ್ಲ. ಆಮೇಲೆ ಇನ್ನೂ ಏರಿ, ಏರಿಯ ಕೊನೆಯಲ್ಲಿ ಅದಕ್ಕೆಂದೇ ಬಿಟ್ಟಿದ್ದ ಜಾಗದಲ್ಲಿ ಹೊರಗೆ ಹರಿಯಿತು. ಕೆರೆ ಕೋಡಿ ಬಿತ್ತು.

ತಮಟೆ ಬಡಿದರು. ವಾಲಗದವರಿಗೆ ಈ ಸಲ ಯಾಕೆ ಊದಬೇಕೆಂದು ಗೊತ್ತಿತ್ತು. ಪಾಳೆಯಗಾರ ಮಳೆಯಲ್ಲಿ ನಡೆದೇ ಬಂದ. ಬಂದವನು ಮೊದಲು ಹೆಂಗಸಿನ ಕೈ ನೋಡಿದ. ಅಂಗೈ ಒಣಗಿರಲಿಲ್ಲ, ಆದರೆ ಅದು ಮಳೆಯ ನೀರು.

ಮಳೆ ನಿಂತ ಬೆಳಿಗ್ಗೆ ತೂಬು ತೆರೆದರು. ನೀರು ಕಾಲುವೆ ಹಿಡಿದು ಗದ್ದೆಗೆ ಹೋಯಿತು. ಊರಿನ ಮಗ್ಗುಲಲ್ಲೇ ಹೋದರೂ ಯಾರ ಮನೆಯ ಬಾಗಿಲನ್ನೂ ವಿಚಾರಿಸಲಿಲ್ಲ. ಆಗ ಹೆಂಗಸು ಏರಿ ಹತ್ತಿ ಬಿಳಿ ಇಳಿಸಿ ಹಸಿರು ಹಾರಿಸಿದಳು. ಕೆಳಗಿನ ಊರು ಕೂಗಿದ ಕೂಗಿಗೆ ಕೊಟ್ಟಿಗೆಯ ಎಮ್ಮೆಗಳು ಮೆಲುಕು ನಿಲ್ಲಿಸಿದವು.

ಅಂದು ಎಲ್ಲರ ಎಲೆಗೂ ಒಬ್ಬಟ್ಟು ಬಿತ್ತು. ಮುದುಕ ತುಪ್ಪ ಸಾಲದು ಎಂದ.

ಗುರುಗಳು ಕತೆ ನಿಲ್ಲಿಸಿದರು.

ಮುದ್ದುವೀರಸ್ವಾಮಿಗಳ ಮುಖ ಅರಳಿತ್ತು. “ಬಹಳ ಚೆನ್ನಾಗಿದೆ ಬುದ್ಧಿ. ಆ ಪಾರುಪತ್ಯಗಾರನಂಥ ದಡ್ಡನನ್ನು ನಾನು ಕೇಳಿಯೇ ಇರಲಿಲ್ಲ. ರಾಚಪ್ಪಾಜಿಯನ್ನು ಕ್ಷಮಿಸಿಬಿಡುತ್ತೇನೆ” ಎಂದರು.

ಗುರುಗಳು ಹೇಳಿದರು: “ಅವನು ಕರೆದದ್ದು ನಿನ್ನನ್ನು ಮರಿ, ನೀನು ಬಂದದ್ದು ನನ್ನ ಹತ್ತಿರ.”

ಮುದ್ದುವೀರಸ್ವಾಮಿಗಳು ಎದ್ದು ಕಚೇರಿಗೆ ಹೋಗಿ ಕೆಂಪು ಗುರುತನ್ನು ಒತ್ತಿದರು. ಅದರಲ್ಲಿ ಅವರ ಹೆಸರೇ ಇತ್ತು. ಕೊಳವೆ ಅವರ ಪೂಜೆಯ ಹೂದೋಟವನ್ನು ದಾಟಿ ಹೋಗಬೇಕಿತ್ತು. ಅದನ್ನು ಅಗೆಯಲು ಅವರ ಅಪ್ಪಣೆ ಬೇಕಿತ್ತು. ಅವರು ಕಟ್ಟಡದ ಬಳಿಗೆ ನಡೆದು ಹೋಗಿ, ರಾಚಪ್ಪಾಜಿಯ ಎದುರು ನಿಂತು, ಏನು ಬೇಕು ಎಂದು ಕೇಳಿದರು.

ಭಾನುವಾರದ ಸಭೆಯಲ್ಲಿ ಗುರುತು ಹಳದಿಯಾಗಿತ್ತು. ಶಾಲೆ ತೆರೆದ ದಿನ ವಿದ್ಯಾರ್ಥಿ ನಿಲಯದ ನಲ್ಲಿಗಳಲ್ಲಿ ನೀರು ಬಂತು. ಹೂದೋಟದ ದಾಸವಾಳದ ಗಿಡಗಳನ್ನು ಕಿತ್ತು ಬಾವಿಯ ಪಕ್ಕಕ್ಕೆ ನೆಟ್ಟರು. ಎರಡು ಗಿಡ ಬೇರು ಹಿಡಿಯಲಿಲ್ಲ. ಉಳಿದವು ಹೂ ಬಿಡುತ್ತಿವೆ.